ಗುಂಡುಕಲ್ಲಿನಿಂದ ಮಡಚುವ ಬೆಂಚಿನವರೆಗೆ: ದಾವಣಗೆರೆ–ಹರಿಹರದಿಂದ ನೋಡಿದ ಕಸರತ್ತಿನ ಚರಿತ್ರೆ

ನಮ್ಮ ಕಡೆಯ ಮಧ್ಯಮ ವರ್ಗದ ಮನೆಗಳಲ್ಲಿ ಈಗ ಒಂದು ಹೊಸ ಸಾಮಾನು ಸೇರಿಕೊಂಡಿದೆ. ಕೆಲವರ ಮನೆಯಲ್ಲಿ ಅದು ಮಂಚದ ಕೆಳಗಿರುತ್ತದೆ, ಕೆಲವರಲ್ಲಿ ಬೀರುವಿನ ಹಿಂದೆ, ಇನ್ನು ಕೆಲವರಲ್ಲಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಕಪ್ಪು ರೆಕ್ಸಿನ್ ಹೊದಿಸಿದ, ಕಬ್ಬಿಣದ ಕಾಲಿನ, ಮಡಚಿಡುವ ಬೆಂಚು ಅದು. ಪಕ್ಕದಲ್ಲಿ ಒಂದು ಜೊತೆ ಡಂಬೆಲ್, ಒಂದು ರಾಡು, ನಾಲ್ಕೈದು ಪ್ಲೇಟು. ದಾವಣಗೆರೆಯ ಬಾಡಿಗೆ ಮನೆಯಾಗಲಿ, ಹರಿಹರದ ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಕಟ್ಟಿದ ಮನೆಯಾಗಲಿ, ಹತ್ತಡಿ ಕೋಣೆಯಲ್ಲಿ ಜಿಮ್ ಮಾಡಬೇಕೆಂದರೆ ಮಡಚುವ ಬೆಂಚೇ ಗತಿ.

'ಯಾವ ಬೆಂಚು ತಗೊಳ್ಳಲಿ? ಕಮ್ಮಿ ರೇಟಲ್ಲಿ ಒಳ್ಳೇದು ಯಾವುದು?' ಎಂಬ ಪ್ರಶ್ನೆ ಇತ್ತೀಚೆಗೆ ಗೆಳೆಯರಿಂದ ಪದೇ ಪದೇ ಬರುತ್ತಿದೆ. ಇದಕ್ಕೆ ಒಂದು ಕಂಪನಿಯ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಈ ಬೆಂಚು ನಮ್ಮ ಮನೆಯೊಳಗೆ ಬಂದ ದಾರಿ ಗೊತ್ತಿದ್ದರೆ ಯಾವುದನ್ನು ಕೊಳ್ಳಬೇಕು, ಕೊಳ್ಳಲೇಬೇಕೇ ಎಂಬುದೂ ತಾನಾಗಿ ಗೊತ್ತಾಗುತ್ತದೆ. ಅದಕ್ಕೇ ಈ ಬರಹ.

ಭಾರಶ್ರಮ

ಭಾರ ಎತ್ತಿ ಮೈ ಕಟ್ಟುವುದು ವಿದೇಶದಿಂದ ಬಂದ ವಿದ್ಯೆ ಎಂದು ಹಲವರು ಭಾವಿಸಿದ್ದಾರೆ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ ಅರಸ. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ 'ಮಲ್ಲವಿನೋದ' ಎಂಬ ಭಾಗವಿದೆ. ಜಟ್ಟಿಗಳನ್ನು ವಯಸ್ಸು, ದೇಹ, ಶಕ್ತಿ ನೋಡಿ ದರ್ಜೆಗಳಾಗಿ ವಿಂಗಡಿಸುವುದು, ಅವರ ಊಟ, ಅವರ ಸಾಧನೆ ಎಲ್ಲವೂ ಅಲ್ಲಿ ಬರುತ್ತವೆ. ಸಾಧನೆಯ ಪಟ್ಟಿಯಲ್ಲಿ ಭಾರಶ್ರಮ ಇದೆ, ನಡಿಗೆಯ ಭ್ರಮಣಶ್ರಮ ಇದೆ, ಈಜಿನ ಸಲಿಲಶ್ರಮ ಇದೆ, ಕಂಬದ ಮೇಲಿನ ಸ್ತಂಭಶ್ರಮವೂ ಇದೆ. ಭಾರಶ್ರಮ ಎಂದರೆ ಮರಳು ತುಂಬಿದ ಚೀಲದಂಥ ಭಾರದೊಂದಿಗೆ ಮಾಡುವ ಅಭ್ಯಾಸ. ಇಂದಿನ ಜಿಮ್‌ಗಳಲ್ಲಿ 'ಸ್ಯಾಂಡ್ ಬ್ಯಾಗ್' ಎಂದು ಮಾರುವುದೂ ಇದನ್ನೇ.

ಆಗ ನಮ್ಮ ಸೀಮೆ ಚಾಲುಕ್ಯರ ಸಾಮಂತರಾದ ಉಚ್ಚಂಗಿ ಪಾಂಡ್ಯರ ಕೈಯಲ್ಲಿತ್ತು. ಅರಮನೆಯ ಜಟ್ಟಿಗಳಿಗೆ ಪುಸ್ತಕದಲ್ಲಿ ಬರೆದ ವಿದ್ಯೆ ಹಳ್ಳಿಗಳಲ್ಲಿ ಬೇರೆ ರೂಪದಲ್ಲಿ ಉಳಿದು ಬಂತು. ಊರ ಮುಂದಿನ ಗುಂಡುಕಲ್ಲು ಎತ್ತುವುದು, ಸಂಗ್ರಾಣಿ ಕಲ್ಲು ಎತ್ತುವುದು, ಜೋಳದ ಚೀಲ ಹೆಗಲಿಗೇರಿಸುವುದು ಹಬ್ಬ–ಜಾತ್ರೆಯ ಪಂದ್ಯಗಳಾದವು. ಕಲ್ಲನ್ನು ಮೊಣಕಾಲಿಗೆ ತಂದು, ಎದೆಗೆ ಏರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟರೆ ಗೆದ್ದಂತೆ. ಕಲ್ಲು ಊರಿನದು, ಯಾರು ಬೇಕಾದರೂ ಕೈ ಹಾಕಬಹುದು. ಖರ್ಚು ಒಂದು ಪೈಸೆ ಇಲ್ಲ.

ಗರಡಿಯ ಮಣ್ಣು, ಮಿಲ್ಲಿನ ಪಾಳಿ

ಹಳೇ ಮೈಸೂರಿನವರು ಗರಡಿ ಮನೆ ಎನ್ನುತ್ತಾರೆ, ಬೆಳಗಾವಿ–ಧಾರವಾಡದ ಕಡೆ ತಾಲೀಮು ಎನ್ನುತ್ತಾರೆ. ನಡುವೆ ಇರುವ ನಮಗೆ ಎರಡೂ ಮಾತು ಗೊತ್ತು. ಗರಡಿಯ ಒಳಗೆ ಕೆಂಪು ಮಣ್ಣಿನ ಅಖಾಡ, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ, ಕಲ್ಲಿನ ಗುಂಡು, ಮರದ ಲೋಡು. ದಂಡ ಹೊಡೆಯುವುದು, ಬಸ್ಕಿ ಹೊಡೆಯುವುದು ದಿನದ ಪಾಠ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಈಗಲೂ ಬಯಲು ಕುಸ್ತಿಗೆ ಜನ ಸೇರುತ್ತಾರೆ. ಹಲಗೆ ಬಾರಿಸುತ್ತಿದ್ದಂತೆ ಪೈಲ್ವಾನರು ಅಖಾಡಕ್ಕೆ ಇಳಿಯುವುದನ್ನು ನೋಡಿದವರಿಗೆ ಅದರ ಬಿಸಿ ಗೊತ್ತು.

ಹೈದರಾಲಿಯ ಕಾಲದಲ್ಲಿ ಅಪೋಜಿರಾವ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಸಿಕ್ಕ ದಾವಣಗೆರೆ, ವ್ಯಾಪಾರಿಗಳು ಬಂದು ನೆಲೆಸಿ ಬೆಳೆದ ಊರು. ಇಪ್ಪತ್ತನೇ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದು 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರೂ ಬಂತು. ಮಿಲ್ಲಿನ ಪಾಳಿ, ಅಡತಿ ಅಂಗಡಿಯ ಹಮಾಲಿ, ಮಂಡಕ್ಕಿ ಭಟ್ಟಿಯ ದುಡಿಮೆ, ಇವೆಲ್ಲ ಮೈಮುರಿಯುವ ಕೆಲಸಗಳೇ. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರ ಬೆನ್ನು ನೋಡಿದರೆ ಒಂದು ಮಾತು ಸ್ಪಷ್ಟ. ದುಡಿಮೆಯಲ್ಲಿ ಎತ್ತಿದ ಭಾರ ಮತ್ತು ಕಸರತ್ತಿನಲ್ಲಿ ಎತ್ತಿದ ಭಾರ ಎರಡೂ ಒಂದೇ ಅಲ್ಲ. ಕಸರತ್ತಿನಲ್ಲಿ ಭಾರವನ್ನು ನಾವು ನಿರ್ಧರಿಸುತ್ತೇವೆ, ಸಾಕಾದಾಗ ಇಳಿಸುತ್ತೇವೆ, ಮಾರನೇ ದಿನ ವಿಶ್ರಾಂತಿ ಕೊಡುತ್ತೇವೆ. ಹಮಾಲಿಯಲ್ಲಿ ಲಾರಿ ಖಾಲಿಯಾಗುವವರೆಗೆ ಬಿಡುವಿಲ್ಲ. ಹಮಾಲರ ಸೊಂಟ ಬೇಗ ಹೋಗುವುದಕ್ಕೆ, ಕಸರತ್ತು ಮಾಡಿದವರ ಸೊಂಟ ಗಟ್ಟಿಯಾಗುವುದಕ್ಕೆ ಇದೇ ಕಾರಣ.

ಹಾಗೆಂದು ಗರಡಿಯನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇರಲಿಲ್ಲ. ಉಸ್ತಾದರು ಒಪ್ಪಿದರಷ್ಟೇ ಒಳಗೆ ಪ್ರವೇಶ. ಎಲ್ಲ ಕೇರಿಯ ಹುಡುಗರೂ ಎಲ್ಲ ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೆಂಚಿನ ವಿಷಯಕ್ಕೆ ಬೇಕಾಗುತ್ತದೆ.

ಸ್ಯಾಂಡೋ ಬನಿಯನ್ನಿನ ಹಿಂದಿನ ಮನುಷ್ಯ

ನಮ್ಮ ಬಟ್ಟೆ ಅಂಗಡಿಗಳಲ್ಲಿ ತೋಳಿಲ್ಲದ ಬನಿಯನ್ನಿಗೆ 'ಸ್ಯಾಂಡೋ ಬನಿಯನ್' ಎನ್ನುತ್ತಾರೆ. ಯೂಜೆನ್ ಸ್ಯಾಂಡೋ 1867ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಹೆಸರು ಮಾಡಿದ ಬಲಶಾಲಿ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ದೇಹದಾರ್ಢ್ಯ ಸ್ಪರ್ಧೆ ನಡೆಸಿದವನು ಅವನೇ. 1904–05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಅವನ ವ್ಯಾಪಾರದ ಬುದ್ಧಿ ತೋಳಿನ ಬಲಕ್ಕಿಂತ ದೊಡ್ಡದು. ಡಂಬೆಲ್ಲು, ಪುಸ್ತಕ, ಪತ್ರಿಕೆ, ಎಲ್ಲದರ ಮೇಲೂ ತನ್ನ ಹೆಸರು ಹಾಕಿ ಮಾರಿದ. 'ಅಖಾಡಕ್ಕೆ ಹೋಗಬೇಕಿಲ್ಲ, ಮನೆಯಲ್ಲೇ ಮಾಡಿ' ಎಂಬ ಇಂದಿನ ಜಾಹೀರಾತಿನ ಬೇರು ಆ ಕಾಲದಲ್ಲಿದೆ.

ಕನ್ನಡ ನಾಡಿನಲ್ಲಿ ಈ ಕೆಲಸ ಮಾಡಿದವರು ಕೆ.ವಿ. ಅಯ್ಯರ್, ಅಂದರೆ ಕೋಲಾರದ ವೆಂಕಟೇಶ ಅಯ್ಯರ್. ಕನ್ನಡ ಓದುಗರು ಅವರನ್ನು 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳಿಂದ ಬಲ್ಲರು. ಆದರೆ ಬೆಂಗಳೂರಿನ ಹರ್ಕ್ಯುಲಿಸ್ ಜಿಮ್ನಾಷಿಯಂ ಕಟ್ಟಿದ ಅಯ್ಯರ್ ಆ ಕಾಲದಲ್ಲಿ ದೇಹ ಸಾಧನೆಯ ಗುರು ಎಂದೇ ಪ್ರಸಿದ್ಧರು. ವಿದೇಶಿ ವ್ಯಾಯಾಮ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಅಚ್ಚಾಗುತ್ತಿದ್ದವು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ವ್ಯಾಯಾಮ ಹೇಳಿಕೊಟ್ಟರು. ಒಂದು ಕೈಯಲ್ಲಿ ಬಾರ್‌ಬೆಲ್, ಇನ್ನೊಂದು ಕೈಯಲ್ಲಿ ಸೂರ್ಯ ನಮಸ್ಕಾರ, ಎರಡೂ ಬೇಕು ಎಂಬುದು ಅವರ ದಾರಿ.

ನಮ್ಮ ವಿಷಯಕ್ಕೆ ಬೇಕಾದದ್ದು ಅವರ ಇನ್ನೊಂದು ಕೆಲಸ. ಅಯ್ಯರ್ ಅಂಚೆಯ ಮೂಲಕ ವ್ಯಾಯಾಮ ಪಾಠ ನಡೆಸುತ್ತಿದ್ದರು. ಪಾಠದ ಹಾಳೆ ಅಂಚೆಯಲ್ಲಿ ಬರುವುದು, ಶಿಷ್ಯ ತನ್ನ ಮನೆಯಲ್ಲೇ ಸಾಧನೆ ಮಾಡುವುದು. ಇಂದು ಮೊಬೈಲಿನಲ್ಲಿ ವಿಡಿಯೊ ನೋಡಿ ಡಂಬೆಲ್ ಎತ್ತುವ ಹುಡುಗರು, ಸುಮಾರು ತೊಂಬತ್ತು ವರ್ಷದ ಹಿಂದಿನ ಆ ಅಂಚೆ ಶಿಷ್ಯರ ಮರಿಮಕ್ಕಳಂತೆ. ವ್ಯತ್ಯಾಸ ಒಂದೇ. ಅಯ್ಯರ್ ಶಿಷ್ಯರನ್ನು ಹೆಸರಿನಿಂದ ಬಲ್ಲರು, ವಿಡಿಯೊದವನಿಗೆ ನೀವು ಯಾರೋ.

ಬೆಂಚು ಹುಟ್ಟಿದ್ದು ನೆಲದಿಂದ

ಮಲಗಿ ಎತ್ತುವ ಬೆಂಚ್ ಪ್ರೆಸ್ ಇಂದು ಜಿಮ್ಮಿನ ರಾಜ. ಆದರೆ ಮೊದಲು ಬೆಂಚೇ ಇರಲಿಲ್ಲ. ಬಲಶಾಲಿಗಳು ನೆಲದ ಮೇಲೆ ಮಲಗಿ, ಬಾರನ್ನು ಉರುಳಿಸಿಕೊಂಡು ಎದೆಯ ಮೇಲೆ ತಂದು ತಳ್ಳುತ್ತಿದ್ದರು. 1890ರ ದಶಕದ ಕೊನೆಯಲ್ಲಿ ಜಾರ್ಜ್ ಹ್ಯಾಕೆನ್‌ಶ್ಮಿಟ್ ಎಂಬ ಜಟ್ಟಿ ಹೀಗೆ 361 ಪೌಂಡ್, ಅಂದರೆ ಸುಮಾರು 164 ಕೆ.ಜಿ. ಎತ್ತಿದ. 'ರಷ್ಯದ ಸಿಂಹ' ಎಂದು ಹೆಸರಾದ ಈತನೂ ಮೊದಲು ಕುಸ್ತಿಯ ಮನುಷ್ಯನೇ.

ನೆಲದಲ್ಲಿ ಮಲಗಿದರೆ ಮೊಣಕೈ ನೆಲಕ್ಕೆ ತಾಗಿ ನಿಲ್ಲುತ್ತದೆ, ಬಾರು ಎದೆಯವರೆಗೆ ಪೂರ್ತಿ ಇಳಿಯುವುದಿಲ್ಲ. ಮೊಣಕೈ ಇನ್ನೂ ಕೆಳಗೆ ಹೋಗಲಿ ಎಂದು ಪೆಟ್ಟಿಗೆ, ಹಲಗೆ, ಕಡೆಗೆ ಮೆತ್ತೆಯ ಬೆಂಚು ಬಂತು. 1940–50ರ ಹೊತ್ತಿಗೆ ಅಮೆರಿಕದ ಜಿಮ್‌ಗಳಲ್ಲಿ ಇದು ಸಾಮಾನ್ಯವಾಯಿತು. ಪವರ್ ಲಿಫ್ಟಿಂಗ್ ಪ್ರತ್ಯೇಕ ಕ್ರೀಡೆಯಾಗಿ ಬೆಳೆದು, 1972ರಲ್ಲಿ ಅದರ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದ ಮೇಲೆ ಬೆಂಚಿಗೂ ಅಳತೆ ಬಂತು. ಸ್ಪರ್ಧೆಯ ಬೆಂಚಿನ ಉದ್ದ 1.22 ಮೀಟರ್‌ಗಿಂತ ಕಡಿಮೆ ಇರಬಾರದು, ಅಗಲ 29ರಿಂದ 32 ಸೆಂ.ಮೀ., ನೆಲದಿಂದ ಎತ್ತರ 42ರಿಂದ 45 ಸೆಂ.ಮೀ. ಈ ಮೂರು ಅಂಕಿ ಬರೆದಿಟ್ಟುಕೊಳ್ಳಿ, ಅಂಗಡಿಗೆ ಹೋಗುವಾಗ ಟೇಪು ಜೊತೆಗಿರಲಿ.

ಕುಸ್ತಿಯಿಂದ ಕಬ್ಬಿಣಕ್ಕೆ ಬರುವ ಈ ದಾರಿಯನ್ನು ನಮ್ಮವರೂ ತುಳಿದಿದ್ದಾರೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದ ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿ ಮೊದಲು ಆಸೆಪಟ್ಟದ್ದು ಕುಸ್ತಿಯನ್ನು. ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದಕ್ಕೆ ತಿರುಗಿದರು. ಅವರ ತಂದೆ ಚಾಲಕರು. ದುಡ್ಡಿದ್ದವರ ಆಟವಲ್ಲ ಇದು, ಕಲಿಸುವವರಿದ್ದರೆ ಬೆಳೆಯುವ ಆಟ.

ಹರಿಹರದ ಲೇತು

ಕಲ್ಲಿನ ಗುಂಡು ಮತ್ತು ಕಬ್ಬಿಣದ ರಾಡಿನ ನಡುವೆ ಒಂದು ಯಂತ್ರ ನಿಂತಿದೆ. ಅದು ಲೇತು. ರಾಡು ನೇರವಾಗಿರಬೇಕು, ಪ್ಲೇಟಿನ ತೂತು ಸರಿಯಾಗಿ ನಡುವೆ ಇರಬೇಕು, ಪಿನ್ನು ಸಡಿಲವಾಗದಂತೆ ಕೂರಬೇಕು. ಈ ನಿಖರತೆ ಎಂದರೇನು ಎಂಬುದನ್ನು ಹರಿಹರದವರಿಗೆ ಹೇಳಿಕೊಡಬೇಕಿಲ್ಲ.

1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಉದ್ಯಮದ ಕೊಂಬೆಯೊಂದು 1941ರಲ್ಲಿ ತುಂಗಭದ್ರೆಯ ದಡಕ್ಕೆ ಬಂತು. ಹೊಯ್ಸಳರ ಕಾಲದ ಹರಿಹರೇಶ್ವರನ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತು ಯಂತ್ರಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತು. ಟರ್ನರ್, ಫಿಟ್ಟರ್, ಮೋಲ್ಡರ್ ಎಂಬ ಮಾತುಗಳು ಇಲ್ಲಿ ಮನೆಮಾತಾದವು. ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದೆ. ದಾವಣಗೆರೆಯ ಹತ್ತಿ ಗಿರಣಿಗಳೂ ಅದಕ್ಕೂ ಮೊದಲೇ ಒಂದೊಂದಾಗಿ ಸದ್ದು ನಿಲ್ಲಿಸಿದ್ದವು.

ಮೈಮುರಿದು ದುಡಿಯುವ ಕೆಲಸ ಹೋದ ಜಾಗಕ್ಕೆ ಅಂಗಡಿ, ಆಫೀಸು, ಕೋಚಿಂಗ್ ಕ್ಲಾಸು ಬಂದವು. ಮಿಲ್ಲಿನಲ್ಲಿ ಎಂಟು ಗಂಟೆ ನಿಂತವರ ಮೊಮ್ಮಕ್ಕಳು ಎಂಟು ಗಂಟೆ ಕುರ್ಚಿಯಲ್ಲಿ ಕೂರುತ್ತಾರೆ. ಬೆಣ್ಣೆ ದೋಸೆ, ಮಂಡಕ್ಕಿ–ಮಿರ್ಚಿ ಮಾತ್ರ ಹಾಗೇ ಇವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಬೆಂಬಲದ ಅಧ್ಯಯನ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜಿಸಿತು. ದೊಡ್ಡವರು ವಾರದಲ್ಲಿ ಕನಿಷ್ಠ 150 ನಿಮಿಷ ನಡಿಗೆಯಂಥ ಚಟುವಟಿಕೆ, ಅದರ ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ನಡಿಗೆಗೆ ರಸ್ತೆ ಇದೆ. ಆ ಎರಡು ದಿನದ ಭಾರಕ್ಕೆ ಎಲ್ಲಿಗೆ ಹೋಗುವುದು?

ಬಾಗಿಲು ಮುಚ್ಚಿದಾಗ

ಉತ್ತರ 2020ರಲ್ಲಿ ಸಿಕ್ಕಿತು. ಮಾರ್ಚ್ 25ರಿಂದ ಲಾಕ್‌ಡೌನ್. ಜಿಮ್‌ಗಳಿಗೆ ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು ಆಗಸ್ಟ್ 5ರಂದು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹುಡುಗರು 20 ಲೀಟರಿನ ನೀರಿನ ಕ್ಯಾನು ಎತ್ತಿದರು, ಪೇಂಟಿನ ಡಬ್ಬಿಗೆ ಸಿಮೆಂಟು ತುಂಬಿ ನಡುವೆ ಪೈಪು ನೆಟ್ಟು ಡಂಬೆಲ್ ಮಾಡಿಕೊಂಡರು. ಸೋಮೇಶ್ವರನ ಮರಳಿನ ಚೀಲ ಮತ್ತೆ ಬಂದಂತಾಯಿತು. ಅದರ ಹಿಂದೆಯೇ ಆನ್‌ಲೈನ್ ಅಂಗಡಿಗಳ ಮಡಚುವ ಬೆಂಚು ಬಂತು. ದೇಶ ವಿಭಜನೆಯ ಹೊತ್ತಿನಲ್ಲಿ ಸಿಯಾಲ್‌ಕೋಟ್ ಬಿಟ್ಟು ಬಂದ ಕುಶಲಕರ್ಮಿಗಳು ಬೆಳೆಸಿದ ಜಲಂಧರ್ ಮತ್ತು ಮೀರತ್‌ನ ಕ್ರೀಡಾ ಸಾಮಾನು ಉದ್ಯಮದ ಮಾಲು, ಮೊಬೈಲಿನಲ್ಲಿ ಬೆರಳು ಒತ್ತಿದರೆ ಹರಿಹರದ ಓಣಿಗೂ ಬರುವಂತಾಯಿತು.

ಇದರಿಂದ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಯಿತು. ಗರಡಿಯ ಹೊಸ್ತಿಲು ದಾಟಲಾಗದ ಹೆಣ್ಣುಮಕ್ಕಳು, ಜಿಮ್ಮಿನಲ್ಲಿ ಹತ್ತು ಕಣ್ಣು ತಮ್ಮ ಮೇಲಿರುತ್ತದೆಂದು ಹಿಂಜರಿದವರು, ಮನೆಯ ಬಾಗಿಲು ಹಾಕಿಕೊಂಡು ಡಂಬೆಲ್ ಹಿಡಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ಅದೂ ಭಾರ ಎತ್ತಿಯೇ. ಆದರೂ ಹೆಣ್ಣು ಭಾರ ಎತ್ತಬಾರದೆಂಬ ಮಾತು ನಮ್ಮ ಮನೆಗಳಿಂದ ಪೂರ್ತಿ ಹೋಗಿಲ್ಲ. ಮಡಚುವ ಬೆಂಚು ಆ ಮಾತಿಗೆ ಒಂದು ಸಣ್ಣ ಉತ್ತರ.

ಕಳೆದುಕೊಂಡದ್ದೂ ಇದೆ. ಗರಡಿಯಲ್ಲಿ ಉಸ್ತಾದ್ ಇದ್ದ, ಜಿಮ್ಮಿನಲ್ಲಿ ಪಕ್ಕದವನಿದ್ದ. ಕೈ ಸೋತಾಗ ಬಾರು ಹಿಡಿಯುವವರು ಅವರು. ಹತ್ತಡಿ ಕೋಣೆಯಲ್ಲಿ ಬಾರಿನ ಕೆಳಗೆ ಮಲಗಿದವನಿಗೆ ಯಾರೂ ಇಲ್ಲ.

ಕೊಳ್ಳುವ ಮುನ್ನ

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭ. ಮಡಚುವ ಬೆಂಚುಗಳು ಸಾಮಾನ್ಯವಾಗಿ ಮೂರು ಸಾವಿರದಿಂದ ಹತ್ತು ಸಾವಿರದೊಳಗೆ ಸಿಗುತ್ತವೆ. ಬೆಲೆಗಿಂತ ಮೊದಲು ಇವನ್ನು ನೋಡಿ.

ಪೈಪಿನ ದಪ್ಪ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. 14 ಗೇಜ್ ಎಂದರೆ ಸುಮಾರು 2 ಮಿ.ಮೀ., 16 ಎಂದರೆ 1.6, 18 ಎಂದರೆ 1.2. ಭಾರದ ಬಾರು ಎತ್ತುವವರಿಗೆ 14 ಗೇಜಿನ ಚೌಕ ಪೈಪು ಒಳ್ಳೆಯದು. ಹಗುರ ಡಂಬೆಲ್ಲಿಗಾದರೆ 16 ಸಾಕು.

ಭಾರದ ಲೆಕ್ಕ. 'ಇಷ್ಟು ಕೆ.ಜಿ. ತಡೆಯುತ್ತದೆ' ಎಂದು ಬರೆದಿರುತ್ತಾರೆ. ಅದರಲ್ಲಿ ನಿಮ್ಮ ಮೈತೂಕವೂ ಸೇರಿದೆಯೇ ಎಂದು ಕೇಳಿ. 70 ಕೆ.ಜಿ. ಮೈಯವರು 60 ಕೆ.ಜಿ. ಎತ್ತಿದರೆ ಬೆಂಚಿನ ಮೇಲೆ 130 ಕೆ.ಜಿ. ಇಳಿಸುವಾಗಿನ ಜಗ್ಗು ಬೇರೆ. ಇಂಥವರಿಗೆ 200 ಕೆ.ಜಿ.ಯ ಬೆಂಚು ಬೇಕು.

ಮಡಚುವ ಕೀಲು. ಮಡಚುವ ಬೆಂಚಿನ ಬಲಹೀನ ಜಾಗ ಇದೇ. ಪಿನ್ನು ಎರಡೂ ಬದಿಗೆ ಹೊರಬಂದು ಲಾಕ್ ಆಗಬೇಕು. ಬಿಡಿಸಿ ನಿಲ್ಲಿಸಿ, ಎರಡೂ ಕೈಯಿಂದ ಅಡ್ಡಕ್ಕೆ ಅಲ್ಲಾಡಿಸಿ. ಹೊಸದಾಗಿರುವಾಗಲೇ ಕಟಕಟ ಎಂದರೆ ಬೇಡ. ವೆಲ್ಡಿಂಗ್ ಸುತ್ತಲೂ ಬಂದಿದೆಯೇ, ಅಲ್ಲಲ್ಲಿ ಚುಕ್ಕಿ ಇಟ್ಟಿದ್ದಾರೆಯೇ ನೋಡಿ. ಹರಿಹರದ ಯಾವುದೇ ಫಿಟ್ಟರ್‌ಗೆ ಫೋಟೊ ತೋರಿಸಿದರೂ ಒಂದು ನಿಮಿಷದಲ್ಲಿ ಹೇಳುತ್ತಾರೆ.

ಅಗಲ, ಎತ್ತರ. ಮೇಲೆ ಹೇಳಿದ ಸ್ಪರ್ಧೆಯ ಅಳತೆಗೆ ಹತ್ತಿರವಿರಲಿ. ತೀರಾ ಕಿರಿದಾದರೆ ಭುಜಕ್ಕೆ ಆಸರೆ ಇಲ್ಲ. ಎತ್ತರವಾದರೆ ಪಾದ ನೆಲಕ್ಕೆ ಊರುವುದಿಲ್ಲ.

ಬಾರು ಇಡುವ ಕೊಂಬು. ಅಗ್ಗದ ಬೆಂಚುಗಳಿಗೆ ಅಂಟಿಕೊಂಡು ಬರುವ ಕೊಂಬುಗಳ ನಡುವಿನ ಅಂತರ ಕಡಿಮೆ. ಒಂದು ಬದಿಯ ಪ್ಲೇಟುಗಳನ್ನೆಲ್ಲ ಒಮ್ಮೆಗೇ ತೆಗೆದರೆ ಬಾರು ಇನ್ನೊಂದು ಬದಿಗೆ ಮಗುಚುತ್ತದೆ. ಎಡಕ್ಕೊಂದು, ಬಲಕ್ಕೊಂದು ತೆಗೆಯಿರಿ.

ರಾಡು, ಪ್ಲೇಟು. ಮನೆ ಸೆಟ್ಟಿನ ಪ್ಲೇಟಿನ ತೂತು ಸುಮಾರು ಒಂದು ಇಂಚು, ಒಲಿಂಪಿಕ್ ರಾಡಿನದು 50 ಮಿ.ಮೀ. ಎರಡೂ ಒಂದಕ್ಕೊಂದು ಕೂರುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ಸಿಮೆಂಟ್ ಪ್ಲೇಟು ಅಗ್ಗ, ಆದರೆ ದಪ್ಪ. ಎರಕದ ಕಬ್ಬಿಣದ ಹಳೇ ಪ್ಲೇಟು ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಬಹುದು, ಅದು ಸವೆಯುವುದಿಲ್ಲ. ಹಳೇ ಬೆಂಚನ್ನು ಮಾತ್ರ ಕಣ್ಣು ಬಿಟ್ಟೇ ಕೊಳ್ಳಬೇಕು.

ಒಬ್ಬರೇ ಇದ್ದಾಗ ಬಾರಿನ ಬೆಂಚ್ ಪ್ರೆಸ್ ಬೇಡ, ಡಂಬೆಲ್ ಸಾಕು. ಸೋತರೆ ಪಕ್ಕಕ್ಕೆ ಇಳಿಸಬಹುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಾಗ ನಾಡಿನಲ್ಲಿ ಜಿಮ್ ಎಂದರೆ ಭಯ ಹುಟ್ಟಿತ್ತು. ಭಯಪಟ್ಟು ಕೂರುವುದು ಪರಿಹಾರವಲ್ಲ. ನಲವತ್ತು ದಾಟಿದವರು, ಬಿಪಿ–ಶುಗರ್ ಇದ್ದವರು, ಮನೆಯಲ್ಲಿ ಹೃದಯದ ಕಾಯಿಲೆಯ ಚರಿತ್ರೆ ಇದ್ದವರು ಬೆಂಚಿಗೆ ದುಡ್ಡು ಕೊಡುವ ಮೊದಲು ಡಾಕ್ಟರಿಗೆ ತೋರಿಸಿಕೊಳ್ಳಲಿ.

ದುಡ್ಡಿಲ್ಲದಿದ್ದರೆ

ಪೊಲೀಸ್ ನೇಮಕಾತಿಗೆ, ಸೇನಾ ರ‍್ಯಾಲಿಗೆ ತಯಾರಾಗುವ ಹಳ್ಳಿಯ ಹುಡುಗರು ಸಾಲ ಮಾಡಿ ಬೆಂಚು ತರುವುದಿದೆ. ಅವರಿಗೊಂದು ಮಾತು. ಆ ಪರೀಕ್ಷೆಗಳಲ್ಲಿ ಮುಖ್ಯವಾಗಿ ಬೇಕಾದದ್ದು ಓಟ. ಎದೆ–ತೋಳಿಗೆ ದಂಡ ಸಾಕು, ಕಾಲಿಗೆ ಬಸ್ಕಿ ಸಾಕು. ಭಾರವೇ ಬೇಕೆಂದರೆ ಚೀಲಕ್ಕೆ ಮರಳು ತುಂಬಿ. ಮಲಗಿ ತಳ್ಳಬೇಕೆಂದರೆ ಹ್ಯಾಕೆನ್‌ಶ್ಮಿಟ್‌ನಂತೆ ನೆಲದಲ್ಲೇ ಮಲಗಿ, ಕೈಗೆ ಡಂಬೆಲ್ಲೋ ನೀರಿನ ಬಾಟಲಿಯೋ ಹಿಡಿಯಿರಿ. ಮೊಣಕೈ ನೆಲಕ್ಕೆ ತಾಗಿ ತಾನಾಗಿ ನಿಲ್ಲುವುದರಿಂದ ಭುಜಕ್ಕೂ ಕ್ಷೇಮ. ಮೂರು ತಿಂಗಳು ವಾರಕ್ಕೆರಡು ದಿನ ತಪ್ಪದೆ ಹೀಗೆ ಮಾಡಿದವರು ಬೆಂಚು ಕೊಂಡರೆ ಅದು ಉಪಯೋಗಕ್ಕೆ ಬರುತ್ತದೆ. ಅದಕ್ಕೂ ಮೊದಲು ಕೊಂಡದ್ದು ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗುವ ಸಂಭವವೇ ಹೆಚ್ಚು.

ಇನ್ನೊಂದು ಮಾತು ಪಂಚಾಯಿತಿ, ನಗರಸಭೆ, ಮಹಾನಗರ ಪಾಲಿಕೆಗಳಿಗೆ. ಒಂದು ಕಾಲಕ್ಕೆ ಊರು ತನ್ನ ಮಕ್ಕಳಿಗೆ ಒಂದು ಕಲ್ಲು, ಒಂದು ಅಖಾಡ, ಒಬ್ಬ ಉಸ್ತಾದನನ್ನು ಕೊಟ್ಟಿತ್ತು. ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗಾದರೂ. ಇಂದು ಪಾರ್ಕಿನಲ್ಲಿ ನಾಲ್ಕು ಹೊರಾಂಗಣ ಯಂತ್ರ ನೆಟ್ಟು ಕೈತೊಳೆದುಕೊಂಡರೆ ಸಾಲದು. ಒಂದು ಗಟ್ಟಿ ಬೆಂಚು, ನಾಲ್ಕು ಪ್ಲೇಟು, ಹೇಳಿಕೊಡುವ ಒಬ್ಬ ತರಬೇತುದಾರ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಹೊತ್ತು, ಇಷ್ಟು ವಾರ್ಡಿಗೊಂದರಂತೆ ಆದರೆ ಸಾಕು. ಲೇತು ಮಾಡಿ ದೇಶಕ್ಕೆ ಕೊಟ್ಟ ಊರಿಗೆ, ನೂಲು ತೆಗೆದು ನಾಡಿಗೆ ಉಡಿಸಿದ ಊರಿಗೆ ಇದು ಆಗದ ಕೆಲಸವಲ್ಲ.